ಬೂಟು ಹೊಲಿಯುವವನ ರಸವಿದ್ಯೆ

ಪ್ರಾಗ್‌ನಲ್ಲಿ ಕಳೆದ ಮೂರು ದಿನಗಳ ಬಗ್ಗೆ ಹೆಚ್ಚೇನೂ ಬರೆಯಬೇಕೆನಿಸುವುದಿಲ್ಲ. ಚಕ್ರವರ್ತಿ ಎರಡನೆಯ ರುಡಾಲ್ಫ್ ತನ್ನ ಆಸ್ಥಾನವನ್ನು ಅಲ್ಲಿಗೆ ತಂದು, ಚಿನ್ನ ಮಾಡಿಕೊಡುತ್ತೇವೆಂದು ಬಂದವರನ್ನೂ ಕೆಪ್ಲರನಂಥ ವಿದ್ವಾಂಸರನ್ನೂ ಪೋಷಿಸಿದ್ದು ನಿಜ. ಆದರೆ ಇಂದು ರಸವಿದ್ಯೆಯ ಹೆಸರಿನಲ್ಲಿ ಅಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬಣ್ಣದ ನೀರು ತುಂಬಿದ ಸೀಸೆಗಳು ಮತ್ತು ತಲೆಬುರುಡೆಗಳು, ಅವು ನನಗೆ ಹಿಡಿಸಲಿಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಜರ್ಮನಿಯ ಪೂರ್ವದ ಅಂಚಿನಲ್ಲಿರುವ ಗ್ಯೋರ್ಲಿಟ್ಸ್. ಅನುಭಾವಿ ಯಾಕೋಬ್ ಬ್ಯೋಮೆ ಬೂಟು ಹೊಲಿದು ಬದುಕಿದ ಊರು ಅದು.

1600ರಲ್ಲಿ ಒಂದು ದಿನ ತವರದ ಪಾತ್ರೆಯ ಮೇಲೆ ಬಿದ್ದ ಬೆಳಕು ಹೊಳೆದಾಗ ಬ್ಯೋಮೆಗೆ ಇಡೀ ಸೃಷ್ಟಿಯ ಒಳಗು ತೆರೆದುಕೊಂಡಿತೆನ್ನುತ್ತಾರೆ. ವಿಶ್ವವಿದ್ಯಾಲಯಗಳಲ್ಲಿ ಎಷ್ಟೋ ವರ್ಷ ಕಲಿತಿದ್ದರೂ ತಿಳಿಯದಷ್ಟು ಕಾಲು ಗಂಟೆಯಲ್ಲಿ ತಿಳಿಯಿತೆಂದು ಆತನೇ ಬರೆದುಕೊಂಡಿದ್ದಾನೆ. ಅದನ್ನು ಹನ್ನೆರಡು ವರ್ಷ ಒಳಗೇ ಇಟ್ಟುಕೊಂಡು, 1612ರಲ್ಲಿ ‘ಅರುಣೋದಯ’ವೆಂಬ ಅರ್ಥದ ಹೆಸರಿನ ಮೊದಲ ಕೃತಿಗೆ ಕೈಹಾಕಿದ. ಅದರ ಪ್ರತಿಗಳು ಕೈಯಿಂದ ಕೈಗೆ ಹರಡಿದಾಗ ಊರಿನ ಮುಖ್ಯ ಪಾದ್ರಿ ಗ್ರೆಗೊರ್ ರಿಕ್ಟರ್ ಕೆರಳಿದ; 1613ರಲ್ಲಿ ನಗರಸಭೆ ಹಸ್ತಪ್ರತಿಯನ್ನು ಕಸಿದುಕೊಂಡು, ಇನ್ನು ಮುಂದೆ ಬರೆಯಕೂಡದೆಂದು ಕಟ್ಟಪ್ಪಣೆ ಮಾಡಿತು.

ಆತನ ಮನೆಯನ್ನು ಹುಡುಕುತ್ತ ನಾನು ಅರ್ಧ ದಿನ ಕಳೆದುಕೊಂಡೆ. ಆ ಬೇಸರ ಇನ್ನೂ ಹೋಗಿಲ್ಲ. ಉಳಿದುಕೊಂಡಿದ್ದ ವಸತಿಗೃಹದವರು ಅದು ಹಳೆಯ ಪೇಟೆಯಲ್ಲೇ ಇದೆಯೆಂದು ನಕ್ಷೆಯ ಮೇಲೆ ಗುರುತು ಹಾಕಿಕೊಟ್ಟಿದ್ದರು. ಹೋಗುವವರು ನೆನಪಿಡಬೇಕಾದದ್ದು ಇಷ್ಟು: 1599ರಿಂದ 1610ರವರೆಗೆ ಬ್ಯೋಮೆ ವಾಸವಿದ್ದ ಮನೆ ನೈಸೆ ನದಿಯ ಆಚೆ ದಡದಲ್ಲಿದೆ, ಮತ್ತು 1945ರ ನಂತರ ಆ ದಡ ಪೋಲೆಂಡಿಗೆ ಸೇರಿದೆ. ಆದ್ದರಿಂದ ಅದನ್ನು ಜ್ಗೊಝೆಲೆಟ್ಸ್ ಎಂಬ ಊರಿನ ಹೆಸರಿನಲ್ಲಿ ಹುಡುಕಬೇಕು. ರಿಕ್ಟರ್ ಬೋಧಿಸುತ್ತಿದ್ದ ಸಂತ ಪೀಟರನ ಚರ್ಚಿನ ಬುಡದಿಂದಲೇ, 2004ರಲ್ಲಿ ಮತ್ತೆ ಕಟ್ಟಿದ ಕಾಲುಸೇತುವೆಯ ಮೇಲೆ ನಡೆದರೆ ಕೆಲವೇ ನಿಮಿಷಗಳಲ್ಲಿ ಇನ್ನೊಂದು ದೇಶಕ್ಕೆ ತಲುಪಬಹುದು.

ಮನೆ ನೋಡಿ ಬಂದು ನದಿಯ ದಂಡೆಯ ಬೆಂಚಿನ ಮೇಲೆ ಕುಳಿತಿದ್ದಾಗ, ಪಕ್ಕದಲ್ಲಿದ್ದ ಹಿರಿಯರೊಬ್ಬರು ತಾವಾಗಿಯೇ ಮಾತಿಗೆಳೆದರು. ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರು. “ಗಂಧಕವೆಂದರೆ ಹದಿನಾರನೆಯ ಮೂಲವಸ್ತು ಎಂದು ಜೀವನವಿಡೀ ಪಾಠ ಹೇಳಿದೆ. ಈ ಮನುಷ್ಯ ಸಲ್ಫರ್ ಎಂಬ ಪದವನ್ನೇ ಸುಲ್ ಮತ್ತು ಫುರ್ ಎಂದು ಒಡೆದು, ಸುಲ್ ಎಂದರೆ ವಸ್ತುವಿನ ಆತ್ಮ, ಫುರ್‌ನಿಂದ ಹುಟ್ಟುವ ಬೆಳಕು ಎನ್ನುತ್ತಾನೆ. ಮೊದಲು ಓದಿದಾಗ ಪುಸ್ತಕ ಮುಚ್ಚಿಟ್ಟಿದ್ದೆ,” ಎಂದರು. ಮತ್ತೆ ತೆರೆದದ್ದೇಕೆಂದು ಕೇಳಿದೆ.

ಅವರು ಉತ್ತರ ಹೇಳುವ ಬದಲು ನನ್ನ ಕೊರಳಿನ ಉಣ್ಣೆಯ ಶಾಲನ್ನು ಕೇಳಿ ಪಡೆದು, ಒಂದು ತುದಿಯನ್ನು ನನಗೆ ಕೊಟ್ಟು, ಬಿಡದೆ ಎಳೆದುಕೊಳ್ಳಿ ಎಂದರು. ಇನ್ನೊಂದು ತುದಿಯನ್ನು ತಾವು ಎಳೆದರು. ಇಬ್ಬರೂ ಬಿಟ್ಟುಕೊಡದಿದ್ದಾಗ, ತಮ್ಮ ತುದಿಯನ್ನು ಮೆಲ್ಲಗೆ ತಿರುಚತೊಡಗಿದರು. ಶಾಲು ಹುರಿಗೊಂಡು, ಗಂಟುಗಂಟಾಗಿ ನನ್ನ ಬೆರಳುಗಳವರೆಗೆ ಬಿಗಿದು ಬಂತು. ಸೃಷ್ಟಿಯ ಮೂಲವೆಂದು ಬ್ಯೋಮೆ ಎಣಿಸುವ ಗುಣಗಳಲ್ಲಿ ಒಳಕ್ಕೆ ಸೆಳೆಯುವ ಬಿಗಿತ ಮೊದಲನೆಯದು, ಅದನ್ನು ಕಿತ್ತುಕೊಂಡು ಹೊರಡುವ ಚಲನೆ ಎರಡನೆಯದು, ಎರಡರಲ್ಲಿ ಯಾವುದೂ ಗೆಲ್ಲದೆ ಸುತ್ತುವ ಚಕ್ರದ ಸಂಕಟ ಮೂರನೆಯದು. ಹದಿನಾರನೆಯ ಶತಮಾನದ ವೈದ್ಯ, ರಸವಾದಿ ಪ್ಯಾರಾಸೆಲ್ಸಸ್ ಎಲ್ಲ ವಸ್ತುಗಳ ಮೂಲವೆಂದು ಹೇಳಿದ ಉಪ್ಪು, ಪಾದರಸ, ಗಂಧಕಗಳು ಬ್ಯೋಮೆಯ ಕೈಯಲ್ಲಿ ಮೂರು ವಸ್ತುಗಳಾಗಿ ಉಳಿಯದೆ ಹೀಗೆ ಮೂರು ಬಗೆಯ ಸೆಳೆತಗಳಾದವು ಎಂದು ಅವರು ವಿವರಿಸಿದರು. ಆ ಚಕ್ರ ತಾಳಲಾರದ ವೇಗಕ್ಕೆ ಬಂದಾಗ ಸಿಡಿಯುವ ಮಿಂಚೇ ನಾಲ್ಕನೆಯದಾದ ಬೆಂಕಿ. ಅದೇ ಬೆಂಕಿ ಸುಡುವುದನ್ನು ಬಿಟ್ಟು ಬೆಳಗತೊಡಗಿದರೆ ಐದನೆಯದು, ಪ್ರೀತಿ. “ಸಂಕಟವನ್ನು ದಾಟದ ಬೆಳಕು ಈತನ ಬರಹದಲ್ಲಿ ಎಲ್ಲಿಯೂ ಇಲ್ಲ. ನನ್ನ ಹೆಂಡತಿ ತೀರಿಕೊಂಡ ವರ್ಷ ಪುಸ್ತಕವನ್ನು ಮತ್ತೆ ತೆರೆದೆ,” ಎಂದು ಶಾಲನ್ನು ಮಡಿಸಿ ನನ್ನ ತೊಡೆಯ ಮೇಲಿಟ್ಟರು.

ಪ್ರಾಗ್‌ನ ಯಾವ ಗಾಜಿನ ಪೆಟ್ಟಿಗೆಯೂ ತೋರಿಸದಿದ್ದುದನ್ನು ಅಂದು ಒಂದು ಶಾಲು ತೋರಿಸಿತು. ಬ್ಯೋಮೆಯ ರಸವಿದ್ಯೆಗೆ ಕುಲುಮೆ ಬೇಕಿರಲಿಲ್ಲ. ದಿನವೂ ದಾರವನ್ನು ಎರಡೂ ಕಡೆಗೆ ಎಳೆದು ಬಿಗಿಯುತ್ತಿದ್ದ ಕೈಗಳವು, ಬಿಗಿತವನ್ನು ಮೊದಲ ಗುಣವೆಂದು ಬರೆದದ್ದು ಆಕಸ್ಮಿಕವೆಂದು ನನಗೆ ಅನಿಸುವುದಿಲ್ಲ.

ಸಂಜೆ ಸಂತ ನಿಕೋಲಸ್ ಸ್ಮಶಾನಕ್ಕೆ ಅವರೇ ಕರೆದೊಯ್ದರು. ಬ್ಯೋಮೆ ತೀರಿಕೊಂಡದ್ದು 1624ರ ನವೆಂಬರ್ 17ರಂದು. ರಿಕ್ಟರ್ ಅದೇ ವರ್ಷ ಮೊದಲೇ ತೀರಿಹೋಗಿದ್ದರೂ ದ್ವೇಷ ತಣಿದಿರಲಿಲ್ಲ. ಸ್ನೇಹಿತರು ಗೋರಿಯ ಮೇಲೆ ನಿಲ್ಲಿಸಿದ ಶಿಲುಬೆಯನ್ನು ಜನ ಹಾಳುಗೆಡವಿದರು. ಮುಂದೆ ಹೆಗೆಲ್ ಈತನನ್ನು ಮೊದಲ ಜರ್ಮನ್ ತತ್ತ್ವಜ್ಞಾನಿಯೆಂದು ಕರೆದ. ನನಗೆ ಡ್ರೆಸ್ಡೆನ್‌ನ ರೈಲಿಗೆ ಹೊತ್ತಾಗಿತ್ತು. ಆದರೆ ಮೇಷ್ಟ್ರು ಆಗಷ್ಟೇ ಆರನೆಯ ಗುಣವಾದ ನಾದಕ್ಕೆ ಬಂದಿದ್ದರು, ರೈಲು ಹೋಗಲೆಂದು ಬಿಟ್ಟೆ.