ಮೊದಲ ಪುಟದಲ್ಲೇ ಗೀಚಿದ ಕೊನೆ

ಕನ್ನಡ ಮೇಷ್ಟ್ರು ತೀರಿಕೊಂಡರೆಂದು ತಿಳಿದಾಗ ನಮ್ಮ ಬ್ಯಾಚಿನವರಿಗೆಲ್ಲ ಮೊದಲು ನೆನಪಾದವಳು ಹೊಯ್ಸಳರ ರಾಣಿ ಶಾಂತಲೆ. ಪಠ್ಯದಲ್ಲಿ ಅವರು ಏನೇನು ಪಾಠ ಮಾಡಿದರೋ ಒಬ್ಬರಿಗೂ ನೆನಪಿಲ್ಲ. ಶನಿವಾರದ ಲೈಬ್ರರಿ ಪೀರಿಯಡ್ಡನ್ನು ಮಾತ್ರ ಯಾರೂ ಮರೆತಿಲ್ಲ.

ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಕಾದಂಬರಿಗೆ ಸರದಿ ಹಚ್ಚಬೇಕಿತ್ತು. ಸರದಿ ತಪ್ಪಿದ ಕಿಡಿಗೇಡಿಯೊಬ್ಬ ಮೊದಲ ಪುಟದಲ್ಲೇ ಪೆನ್ಸಿಲಿನಲ್ಲಿ ‘ಕೊನೆಗೆ ಶಾಂತಲೆ ಸಾಯುತ್ತಾಳೆ’ ಎಂದು ಗೀಚಿಟ್ಟ. ದೂರು ಹೋಯಿತು. ಮೇಷ್ಟ್ರು ಬೆತ್ತ ಹುಡುಕಲಿಲ್ಲ. “ಸತ್ತದ್ದು ಶ್ರವಣಬೆಳಗೊಳದ ಕಲ್ಲಿನ ಮೇಲೇ ಇದೆಯಲ್ಲೋ ಪೆದ್ದ. ಯಾಕೆ ಸತ್ತಳು ಅಂತ ಬರಿ ನೋಡೋಣ,” ಎಂದರು.

ಆ ಶಾಸನ ಹೇಳುವುದು ಇಷ್ಟೆ: ಶಕ 1053, ವಿರೋಧಿಕೃತ್ ಸಂವತ್ಸರ, ಚೈತ್ರ ಶುದ್ಧ ಪಂಚಮಿ, ಶಿವಗಂಗೆಯಲ್ಲಿ ರಾಣಿ ಸ್ವರ್ಗಸ್ಥಳಾದಳು. ದಿನವಿದೆ, ಊರಿದೆ, ಕಾರಣವಿಲ್ಲ. ಬೆಟ್ಟದಿಂದ ಹಾರಿದಳೆಂಬುದು ಜನರ ಬಾಯಿಮಾತು. ಜೈನಳಲ್ಲವೇ, ಉಪವಾಸವಿದ್ದು ದೇಹ ಬಿಡುವ ಸಲ್ಲೇಖನವಿರಬೇಕು ಎನ್ನುವವರೂ ಇದ್ದಾರೆ. ತಂದೆ ಶೈವ, ತಾಯಿ ಜೈನೆ, ಗಂಡ ಬೇಲೂರಿನ ಚೆನ್ನಕೇಶವನ ಗುಡಿ ಕಟ್ಟಿಸಿದ ವಿಷ್ಣುವರ್ಧನ. ಕಾದಂಬರಿ ನುಸುಳಲು ಇಷ್ಟು ಸಂದು ಧಾರಾಳವಾಯಿತು.

ಗೀಚಿದವನಿಗೆ ಶಿಕ್ಷೆ ಎಂದರೆ ಲೆಕ್ಕ. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ, ಅಂದರೆ 1131. ಆದರೆ ಶಕವರ್ಷ ಶುರುವಾಗುವುದು ಯುಗಾದಿಗೆ. ಹಾಗಾಗಿ ಮಾಘ, ಫಾಲ್ಗುಣದ ಘಟನೆಯಾದರೆ 79 ಕೂಡಿಸಬೇಕು. ಎಡವುವವರೆಲ್ಲ ಎಡವುವುದು ಇಲ್ಲೇ. ಇನ್ನು ಸಂವತ್ಸರ ತಾಳೆಯಾಗುತ್ತದೋ ನೋಡಲು ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. 1065ರಲ್ಲಿ ಉಳಿಯುವುದು 45. ಅರವತ್ತು ಸಂವತ್ಸರಗಳಲ್ಲಿ ಮೊದಲನೆಯದಾದ ಪ್ರಭವದಿಂದ ಎಣಿಸಿದರೆ ನಲವತ್ತೈದನೆಯದು ವಿರೋಧಿಕೃತ್! (ಅರವತ್ತನ್ನೂ ಈಗಲೂ ಒಂದೇ ಉಸಿರಿಗೆ ಹೇಳುವವನು ಬ್ಯಾಚಿನಲ್ಲಿ ನಾನೊಬ್ಬನೇ, ಇರಲಿ.)

ಓದುವ ಕ್ರಮವೂ ಅವರದೇ. ಹಳೆಯ ಕ್ಯಾಲೆಂಡರನ್ನು ಬೆರಳಗಲದ ಚೀಟಿಗಳಾಗಿ ಕತ್ತರಿಸಿ, ತುದಿಗೆ ಬಣ್ಣ ಹಚ್ಚಿ ಪುಟಗಳ ನಡುವೆ ಇಡಬೇಕು. ಶಾಸನದಲ್ಲಿರುವ ಸಂಗತಿಗೆ ನೀಲಿ, ಕಾಲಕ್ಕೆ ಹೊಂದದ್ದಕ್ಕೆ ಕೆಂಪು, ಕಾದಂಬರಿಕಾರ ಊಹಿಸಿದ್ದಕ್ಕೆ ಬಿಳಿ. ಪ್ರೇಮದ ಮಾತಿಗೆ ಚೀಟಿಯೇ ಇಲ್ಲ. “ಅದಕ್ಕೆ ಸಾಕ್ಷಿ ಕೇಳೋನು ಕಾದಂಬರಿ ಓದಬಾರದು ಕಣ್ರೋ.” ಹೊಯ್ಸಳರ ಅಡುಗೆಮನೆಯಲ್ಲಿ ಮೆಣಸಿನಕಾಯಿಯೋ ಆಲೂಗಡ್ಡೆಯೋ ಸಿಕ್ಕರೆ ಕೆಂಪು, ಅವು ಬಂದದ್ದು ಪೋರ್ಚುಗೀಸರ ಹಡಗು ಬಂದ ಮೇಲೆ. ತಾಂಬೂಲ ಸರಿ, ಹೊಗೆಸೊಪ್ಪು ಕೂಡದು. ಉತ್ಸಾಹಕ್ಕೆ ‘ಮೆಣಸು’ ಕಂಡಲ್ಲೆಲ್ಲ ಕೆಂಪು ಚೀಟಿ ತುರುಕಿದವರಿಗೆ ಬೈಗುಳ ಗ್ಯಾರಂಟಿ. ಕರಿಮೆಣಸು ನಮ್ಮದೇ, ಆಮೇಲೆ ಬಂದ ಕಾಯಿ ಅದರ ಹೆಸರನ್ನು ಎರವಲು ಪಡೆದದ್ದಷ್ಟೆ.

ಕೆಂಪು ಎರಡಿದ್ದ ಮಾತ್ರಕ್ಕೆ ಪುಸ್ತಕ ಕೆಟ್ಟದ್ದಾಗುವುದಿಲ್ಲ. ಬಿಳಿಗೂ ನೀಲಿಗೂ ನಂಟಿಲ್ಲದಿದ್ದರೆ ಮಾತ್ರ ಕೆಟ್ಟಿತು. ಒಳ್ಳೆಯ ಊಹೆ ಕಲ್ಲಿನ ಮೇಲಿನ ಒಂದಕ್ಷರವನ್ನೂ ಅಳಿಸದೆ, ಕಲ್ಲು ಹೇಳದೆ ಬಿಟ್ಟದ್ದನ್ನು ಹೇಳುತ್ತದೆ.

ಈಗ ಆ ಶನಿವಾರದ ಗಂಟೆಯನ್ನು ಬಹಳಷ್ಟು ಶಾಲೆಗಳಲ್ಲಿ ಕಿರುಪರೀಕ್ಷೆ ನುಂಗಿದೆ. ಕಾದಂಬರಿಯ ಸಾರಾಂಶ ಮೊಬೈಲಿನಲ್ಲಿ ಹತ್ತು ಸಾಲಿಗೆ ಸಿಗುತ್ತದಂತೆ. ನಮ್ಮ ಕಿಡಿಗೇಡಿ ಅದನ್ನು ಒಂದೇ ಸಾಲಿನಲ್ಲಿ ಬರೆದಿದ್ದ. ಹೋದ ಸಲ ಶಾಲೆಗೆ ಬಂದಾಗ ನೋಡಿದೆ, ಪುಸ್ತಕ ಎರಡನೆಯ ಬೀರುವಿನಲ್ಲೇ ಇದೆ, ರಟ್ಟು ಮಾತ್ರ ಕಿತ್ತಿದೆ. ಬೈಂಡಿಂಗಿಗೆ ಕೊಡುವವರು ದಯವಿಟ್ಟು ಚೀಟಿಗಳನ್ನು ಉದುರಿಸಬೇಡಿ, ಮೊದಲ ಪುಟವನ್ನು ಅಳಿಸಲೂ ಬೇಡಿ.