‘ಎಷ್ಟಕ್ಕ ಬಿಡ್ತಾರ್ರೀ?’: ಬರಲಿರುವ ಹಾಟ್ ಹ್ಯಾಚ್‌ನ ಬೆಲೆ ಕೇಳುವವರಿಗೆ ನನ್ನ ಉತ್ತರ

ಹೊಸ ಹಾಟ್ ಹ್ಯಾಚ್, ಅಂದರೆ ಜೋರಾಗಿ ಓಡುವ ಸಣ್ಣ ಹ್ಯಾಚ್‌ಬ್ಯಾಕ್ ಕಾರು, ಒಂದು ಬರಲಿದೆ ಎಂಬ ಸುದ್ದಿ ಹೊರಬಿದ್ದರೆ ಸಾಕು, ಬೆಳಗಾವಿಯಿಂದ ವಿಜಯಪುರದ ತನಕ ಕಾರಿನ ಹುಚ್ಚು ಹಿಡಿದವರೆಲ್ಲ ಕೇಳುವುದು ಒಂದೇ ಮಾತು: ‘ಎಷ್ಟಕ್ಕ ಬಿಡ್ತಾರ್ರೀ? ಹತ್ತು ಲಕ್ಷದಾಗ ಬರ್ತೈತೇನು?’ ಕೇಳಿದವರೇ ಮುಂದುವರಿದು ಇಂಗ್ಲೆಂಡಿನ ಬೆಲೆಯನ್ನು ರೂಪಾಯಿಗೆ ಗುಣಿಸಿ ತೋರಿಸುತ್ತಾರೆ. ಇನ್ನೊಬ್ಬರು ಅಶ್ವಶಕ್ತಿಗೆ ಇಷ್ಟು ಎಂದು ದರ ಕಟ್ಟುತ್ತಾರೆ. ಎರಡೂ ಲೆಕ್ಕ ದಾರಿ ತಪ್ಪುತ್ತವೆ.

ಉತ್ತರ ಹೇಳುವ ಮೊದಲು ನಾನು ಕೇಳುವುದು ಮೂರು ಸಂಗತಿ. ಕಾರಿನ ಉದ್ದ ಎಷ್ಟು? ಎಂಜಿನ್ ಎಷ್ಟು ಸಿಸಿ? ಇಲ್ಲೇ ಕಟ್ಟುತ್ತಾರೋ, ಹಡಗಿನಲ್ಲಿ ತರುತ್ತಾರೋ? ಈ ಮೂರು ಗೊತ್ತಾದರೆ ಪವರ್ ಎಷ್ಟು ಎಂದು ಕೇಳದೆಯೂ ಬೆಲೆಯ ಆಸುಪಾಸಿಗೆ ಬರಬಹುದು.

ಮೊದಲು ಉದ್ದ ಮತ್ತು ಸಿಸಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಹೀಗಿದೆ: 4,000 ಮಿಲಿಮೀಟರಿನೊಳಗೆ ಇರುವ, 1,200 ಸಿಸಿ ದಾಟದ ಪೆಟ್ರೋಲ್ ಕಾರಿಗೆ ಶೇ 18. ಇವೆರಡರಲ್ಲಿ ಒಂದನ್ನು ಮೀರಿದರೂ ಶೇ 40. ನಡುವೆ ಮೆಟ್ಟಿಲಿಲ್ಲ. ತೆರಿಗೆಗೆ ಮುಂಚೆ ₹8.5 ಲಕ್ಷ ಬೀಳುವ ಒಂದು ಹ್ಯಾಚ್ ತೆಗೆದುಕೊಳ್ಳಿ. 1.2 ಲೀಟರ್ ಟರ್ಬೊ ಎಂಜಿನ್ ಇದ್ದರೆ ಎಕ್ಸ್‌–ಶೋರೂಮ್ ಬೆಲೆ (ರಸ್ತೆ ತೆರಿಗೆ, ವಿಮೆ ಸೇರದ ಬೆಲೆ) ₹10.03 ಲಕ್ಷ. ಅದೇ ಬಾನೆಟ್ಟಿನಡಿ 1.5 ಲೀಟರ್ ಟರ್ಬೊ ಕೂರಿಸಿದರೆ, ಎಂಜಿನ್ನಿಗೆ ಒಂದು ರೂಪಾಯಿ ಹೆಚ್ಚು ಬೀಳದಿದ್ದರೂ, ₹11.90 ಲಕ್ಷ. ಒಂದು ಲಕ್ಷದ 87 ಸಾವಿರ ಬರೀ ಜಿಎಸ್‌ಟಿ. ಅದರ ಮೇಲೆ ಮತ್ತೆ ರಸ್ತೆ ತೆರಿಗೆ.

ನಮ್ಮಲ್ಲಿ ಬಂದುಹೋದ ಬಿಸಿ ಹ್ಯಾಚ್‌ಗಳ ಎಂಜಿನ್ ನೋಡಿದರೆ ಈ ಗೆರೆಯ ಹಿಡಿತ ತಿಳಿಯುತ್ತದೆ. ಜಿಎಸ್‌ಟಿ ಬರುವ ಮೊದಲು ಅಬಕಾರಿ ಸುಂಕದ ಕಾಲದಲ್ಲೂ ಗೆರೆ ಇಲ್ಲೇ ಇತ್ತು. ಫೋಕ್ಸ್‌ವ್ಯಾಗನ್‌ನ ಪೋಲೊ ಜಿಟಿ ಟಿಎಸ್‌ಐ 1,197 ಸಿಸಿ, ಮಾರುತಿಯ ಬಲೆನೊ ಆರ್‌ಎಸ್ 998, ಟಾಟಾದ ಟಿಯಾಗೊ ಜೆಟಿಪಿ 1,199, ಹುಂಡೈನ ಐ20 ಎನ್ ಲೈನ್ 998, ಟಾಟಾದ ಆಲ್ಟ್ರೋಜ್ ರೇಸರ್ 1,199. ಗೆರೆ ದಾಟುವ ಧೈರ್ಯ ಮಾಡಿದ್ದು ಫಿಯಟ್‌ನ 1.4 ಲೀಟರಿನ ಅಬಾರ್ತ್ ಪುಂಟೊ. 145 ಅಶ್ವಶಕ್ತಿ, 212 ನ್ಯೂಟನ್ ಮೀಟರ್ ಟಾರ್ಕ್. ಓಡಿಸಿದವರು ಇಂದಿಗೂ ಹೊಗಳುವ ಕಾರು, ಮಾರಾಟವಾದದ್ದು ಮಾತ್ರ ಅಷ್ಟಕ್ಕಷ್ಟೇ. ‘ಹೊರದೇಶದ ಸ್ವಿಫ್ಟ್ ಸ್ಪೋರ್ಟ್ ಇಲ್ಲಿ ಯಾಕ ತರವಲ್ರು?’ ಎಂಬ ಇನ್ನೊಂದು ಶಾಶ್ವತ ಪ್ರಶ್ನೆಗೂ ಅರ್ಧ ಉತ್ತರ ಇಲ್ಲೇ ಇದೆ. ಅದರ ಉದ್ದಕ್ಕೆ ತಕರಾರಿಲ್ಲ, 4 ಮೀಟರಿನೊಳಗೇ ಇದೆ. ಎಂಜಿನ್ 1.4 ಲೀಟರ್. ಇಲ್ಲಿ ಕಟ್ಟಿದರೂ ಶೇ 40ರ ಸಾಲಿನಲ್ಲಿ ನಿಲ್ಲಬೇಕು.

ಹಾಗಾಗಿ ‘1.5 ಟರ್ಬೊ, 150 ಅಶ್ವಶಕ್ತಿ, ಹತ್ತು ಲಕ್ಷ’ ಎಂದು ಯಾರಾದರೂ ಊಹೆ ತೇಲಿಬಿಟ್ಟರೆ ನಕ್ಕು ಮುಂದೆ ಹೋಗಿ. ಬರುವ ಎಂಜಿನ್ ಯಾವುದು ಎಂದು ತಿಳಿಯಬೇಕಾದರೆ ಅದೇ ಕಂಪನಿಯ ಸಣ್ಣ ಎಸ್‌ಯುವಿಯ ಬಾನೆಟ್ ಎತ್ತಿ ನೋಡಿ. ರೇಸರ್‌ನ 120 ಪಿಎಸ್ (ಮೆಟ್ರಿಕ್ ಅಶ್ವಶಕ್ತಿ) ಎಂಜಿನ್ ಟಾಟಾ ನೆಕ್ಸಾನ್‌ನದು, ಎನ್ ಲೈನ್‌ನದು ಹುಂಡೈ ವೆನ್ಯೂನಲ್ಲೂ ಇರುವ ಎಂಜಿನ್. ತಿಂಗಳಿಗೆ ಕೆಲವೇ ನೂರು ಮಾರುವ ಮಾದರಿಗೆಂದು ಯಾರೂ ಹೊಸ ಎಂಜಿನ್ ಎರಕ ಹೊಯ್ಯುವುದಿಲ್ಲ. ಬದಲಾಗುವುದು ಸಸ್ಪೆನ್ಷನ್, ಎಕ್ಸಾಸ್ಟ್, ಸೀಟಿನ ದಾರದ ಬಣ್ಣ, ಅದೃಷ್ಟವಿದ್ದರೆ ಹಿಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್. ಸಾಧಾರಣ ಕಾರಿನ ಟಾಪ್ ವೇರಿಯಂಟ್ ಬೆಲೆ ಹಿಡಿದು, ಅದರ ಮೇಲೆ ಅರ್ಧದಿಂದ ಒಂದು ಲಕ್ಷ ಇಟ್ಟರೆ ನಿಮ್ಮ ಊಹೆ ಹೆಚ್ಚು ಹಳ್ಳ ಹಿಡಿಯುವುದಿಲ್ಲ.

ಈಗ ಹತ್ತು ಲಕ್ಷದ ಮಾತು. ಶುರುವಿನ ಬೆಲೆಗಳನ್ನು ಸಾಲಾಗಿ ಇಡೋಣ: ಪೋಲೊ ಜಿಟಿ ಟಿಎಸ್‌ಐ 2013ರಲ್ಲಿ ₹7.99 ಲಕ್ಷ, ಅಬಾರ್ತ್ ಪುಂಟೊ 2015ರಲ್ಲಿ ₹9.95 ಲಕ್ಷ, ಬಲೆನೊ ಆರ್‌ಎಸ್ 2017ರಲ್ಲಿ ₹8.69 ಲಕ್ಷ, ಟಿಯಾಗೊ ಜೆಟಿಪಿ 2018ರಲ್ಲಿ ₹6.39 ಲಕ್ಷ, ಐ20 ಎನ್ ಲೈನ್ 2021ರಲ್ಲಿ ₹9.84 ಲಕ್ಷ, ಆಲ್ಟ್ರೋಜ್ ರೇಸರ್ 2024ರಲ್ಲಿ ₹9.49 ಲಕ್ಷ. ಹನ್ನೊಂದು ವರ್ಷ, ಆರು ಕಾರು, ಒಂದರ ಶುರುವಿನ ಬೆಲೆಯೂ ಹತ್ತು ದಾಟಿಲ್ಲ. ಜಾಹೀರಾತಿಗೆ ಒಂದಂಕಿ ಚೆಂದ ಕಾಣುತ್ತದೆ ಎಂಬುದು ನಿಜ, ಆದರೆ ಕರ್ನಾಟಕದಲ್ಲಿ ಕೊಳ್ಳುವವರಿಗೆ ಆ ಗೆರೆ ಬರೀ ಕಣ್ಕಟ್ಟಲ್ಲ.

ನಮ್ಮ ರಾಜ್ಯದ ಆಜೀವ ತೆರಿಗೆ ₹5 ಲಕ್ಷದಿಂದ ₹10 ಲಕ್ಷದವರೆಗಿನ ಕಾರಿಗೆ ಶೇ 14, ₹10ರಿಂದ ₹20 ಲಕ್ಷದವರೆಗೆ ಶೇ 17, ಅದರ ಮೇಲೆ ಶೇ 18. ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಸೆಸ್ ಸೇರಿಸಿದರೆ ನಿಜವಾದ ದರ ಶೇ 15.54, 18.87 ಮತ್ತು 19.98. ಆದಾಯ ತೆರಿಗೆಯ ಹಾಗೆ ಗೆರೆ ದಾಟಿದ ಭಾಗಕ್ಕೆ ಮಾತ್ರ ಹೆಚ್ಚಿನ ದರ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಿಲ್ಲ, ಪೂರ್ತಿ ಬೆಲೆಗೇ ಹೊಸ ದರ ಬೀಳುತ್ತದೆ. ₹9.99 ಲಕ್ಷದ ಕಾರಿಗೆ ತೆರಿಗೆ ₹1,55,245. ₹10.01 ಲಕ್ಷದ ಕಾರಿಗೆ ₹1,88,889. ಎಕ್ಸ್‌–ಶೋರೂಮ್ ಎರಡು ಸಾವಿರ ಏರಿದರೆ ತೆರಿಗೆ 33 ಸಾವಿರ 600 ಏರುತ್ತದೆ. ಜೊತೆಗೆ ಹತ್ತು ಲಕ್ಷ ದಾಟಿದ ಕಾರಿನ ಪೂರ್ತಿ ಬೆಲೆಗೆ ಶೇ 1 ಟಿಸಿಎಸ್, ಅಂದರೆ ಮಾರುವವರೇ ಮುಂಗಡ ವಸೂಲಿ ಮಾಡುವ ಆದಾಯ ತೆರಿಗೆ. ಅದನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ವಾಪಸ್ ಹೊಂದಿಸಿಕೊಳ್ಳಬಹುದಾದರೂ ಬಿಲ್ಲಿನ ದಿನ ಕೈಯಿಂದ ಕಟ್ಟಲೇಬೇಕು.

ಮೋಸ ಹೋಗುವ ಜಾಗ ಇನ್ನೊಂದಿದೆ. ಹತ್ತರೊಳಗಿನ ಬೆಲೆ ಶುರುವಿನ ವೇರಿಯಂಟಿನದು. 2024ರಲ್ಲಿ ರೇಸರ್ ಬಂದಾಗ ಅದರ ಆರ್1 ವೇರಿಯಂಟ್ ₹9.49 ಲಕ್ಷ, ಆರ್2 ₹10.49 ಲಕ್ಷ, ಆರ್3 ₹10.99 ಲಕ್ಷ ಇತ್ತು. ಆರ್1ರಿಂದ ಆರ್2ಗೆ ಹೋದಾಗ ಬೆಲೆ ಏರಿದ್ದು ಒಂದು ಲಕ್ಷ, ತೆರಿಗೆ ಸೇರಿಸಿದರೆ ಏರಿಕೆ ಒಂದೂವರೆ ಲಕ್ಷದ ಸನಿಹ. ಊಹೆ ಮಾಡುವಾಗ ನಿಮಗೆ ಬೇಕಾದ ವೇರಿಯಂಟ್ ಯಾವುದು ಎಂದು ಮೊದಲು ತೀರ್ಮಾನಿಸಿ. ಬೇಸ್ ಮಾದರಿಯ ಬೆಲೆ ಸರಿಯಾಗಿ ಹೇಳಿ ಗೆದ್ದವರಿಗೆ ಯಾರೂ ಕಾರು ಕೊಡುವುದಿಲ್ಲ.

ಬೆಳಗಾವಿಯ ಕೆಎ-22 ಇರಲಿ, ವಿಜಯಪುರದ ಕೆಎ-28 ಇರಲಿ, ಬಾಗಲಕೋಟೆಯ ಕೆಎ-29 ಇರಲಿ, ದರ ಒಂದೇ. ₹9.99 ಲಕ್ಷದ, 998 ಸಿಸಿ ಕಾರಿನ ಆನ್‌–ರೋಡ್ (ಎಲ್ಲ ಸೇರಿ ರಸ್ತೆಗಿಳಿಯುವ ಬೆಲೆಯ) ಲೆಕ್ಕ ಹೀಗೆ ಬರುತ್ತದೆ. ತೆರಿಗೆ ₹1,55,245. ಸಾರಿಗೆ ಕಾರ್ಮಿಕರ ಕಲ್ಯಾಣಕ್ಕೆಂದು ಕಾರಿಗೆ ₹1,000 ಪ್ರತ್ಯೇಕ ಸೆಸ್. ನೋಂದಣಿ ಶುಲ್ಕ ₹600, ಸಾಲ ಇದ್ದರೆ ಹೈಪಾಥಿಕೇಶನ್ (ಕಾರು ಬ್ಯಾಂಕಿಗೆ ಅಡವಿದೆ ಎಂಬ) ನಮೂದಿಗೆ ₹1,500. ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ 1,000 ಸಿಸಿವರೆಗೆ ₹6,521; ಎಂಜಿನ್ 1,199 ಸಿಸಿ ಆಗಿದ್ದರೆ ₹10,640. ಅದರ ಜೊತೆ ಒಂದು ವರ್ಷದ ಸ್ವಂತ ಹಾನಿ ವಿಮೆ, ಜೀರೊ ಡೆಪ್ರಿಸಿಯೇಶನ್ (ಬಿಡಿಭಾಗದ ಸವಕಳಿ ಕಳೆಯದ ವಿಮೆ), ಎಲ್ಲದರ ಮೇಲೆ ಜಿಎಸ್‌ಟಿ ಸೇರಿ ವಿಮೆ 45–50 ಸಾವಿರಕ್ಕೆ ನಿಲ್ಲುತ್ತದೆ. ಫಾಸ್ಟ್ಯಾಗ್ ಚಿಲ್ಲರೆ. ಒಟ್ಟು ₹12 ಲಕ್ಷದ ಹತ್ತಿರ. ‘ಹ್ಯಾಂಡ್ಲಿಂಗ್’, ‘ಲಾಜಿಸ್ಟಿಕ್ಸ್’ ಎಂಬ ಸಾಲು ಕೊಟೇಶನ್ನಿನಲ್ಲಿ ಕಂಡರೆ ಅಡ್ಡಗೆರೆ ಎಳೆಯಲು ಹೇಳಿ, ಅದು ಸರ್ಕಾರಕ್ಕೆ ಹೋಗುವ ಹಣವಲ್ಲ. ವಿಮೆಯನ್ನೂ ಶೋರೂಮಿನಲ್ಲೇ ಮಾಡಿಸಬೇಕೆಂಬ ಕಡ್ಡಾಯವಿಲ್ಲ. ಹೊರಗಿನ ಕೊಟೇಶನ್ ಒಂದು ಕೈಯಲ್ಲಿ ಹಿಡಿದು ಹೋದರೆ ಅವರ ದರವೂ ತಾನಾಗಿ ಇಳಿಯುತ್ತದೆ.

‘ಹಂಗಾದ್ರ ಕೊಲ್ಹಾಪುರದಾಗ ತಗೊಂಡ್ರ?’ ಗಡಿ ಭಾಗದಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ವಿಜಯಪುರದವರು ಸೊಲ್ಲಾಪುರ ಎನ್ನುತ್ತಾರೆ. ಮಹಾರಾಷ್ಟ್ರದಲ್ಲಿ ₹10–20 ಲಕ್ಷದ ಪೆಟ್ರೋಲ್ ಕಾರಿಗೆ ತೆರಿಗೆ ಶೇ 12ರ ಸುಮಾರು. ₹12 ಲಕ್ಷದ ಕಾರಿಗೆ ಅಲ್ಲಿ ₹1.44 ಲಕ್ಷ, ಇಲ್ಲಿ ₹2.26 ಲಕ್ಷ. 82 ಸಾವಿರದ ಆಸೆ ಯಾರನ್ನೂ ಬಿಡುವುದಿಲ್ಲ. ಆದರೆ ಮೋಟಾರು ವಾಹನ ಕಾಯ್ದೆಯ 40ನೇ ಕಲಮಿನ ಪ್ರಕಾರ ನೋಂದಣಿ ಗಾಡಿ ಸಾಮಾನ್ಯವಾಗಿ ನಿಲ್ಲುವ ನಿಮ್ಮ ಮನೆ ಅಥವಾ ವ್ಯವಹಾರದ ಜಾಗ ಇರುವ ರಾಜ್ಯದಲ್ಲೇ ಆಗಬೇಕು. ಅಲ್ಲಿ ನಿಜವಾದ ವಿಳಾಸವೇ ಇದೆ ಎಂದುಕೊಳ್ಳಿ, ಆಗಲೂ 47ನೇ ಕಲಮು 12 ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿಟ್ಟ ಗಾಡಿಗೆ ಮರುನೋಂದಣಿ ಕೇಳುತ್ತದೆ. ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರುವುದು, ಇಲ್ಲಿ ತೆರಿಗೆ ಕಟ್ಟುವುದು, ಅಲ್ಲಿಯದನ್ನು ವಾಪಸ್ ಪಡೆಯಲು ಓಡಾಡುವುದು. ಉಳಿಸಿದ್ದು ಅಲ್ಲೇ ಕರಗುತ್ತದೆ. ಕಾರು ಅಲ್ಲಿ ಕೊಂಡು ನೋಂದಣಿ ಇಲ್ಲಿ ಮಾಡಿಸುವುದಕ್ಕೆ ಅಡ್ಡಿಯಿಲ್ಲ. ರಿಯಾಯಿತಿ ಹೆಚ್ಚಿದ್ದರೆ ಅದೊಂದೇ ಲಾಭ. ಬೆಳಗಾವಿಯ ಮರಾಠಾ ಲಘು ಪದಾತಿ ಕೇಂದ್ರದಲ್ಲೋ ಸಾಂಬ್ರಾದ ವಾಯುನೆಲೆಯಲ್ಲೋ ಇರುವವರ ದಾರಿ ಬೇರೆ. ಅವರಿಗೆ ದೇಶದಲ್ಲೆಲ್ಲ ನಡೆಯುವ ಬಿಎಚ್ (ಭಾರತ್) ಸರಣಿಯ ನೋಂದಣಿ ಸಿಗುತ್ತದೆ, ತೆರಿಗೆ ಎರಡೆರಡು ವರ್ಷಕ್ಕೆ ಕಟ್ಟಿದರಾಯಿತು.

ಇನ್ನು ಹಡಗಿನಲ್ಲಿ ಬರುವ ಕಾರು. ಇದರ ಊಹೆ ಕಷ್ಟ ಎನ್ನುತ್ತಾರೆ, ನನಗೆ ಇದೇ ಸಲೀಸು. ಬಂದರಿಗೆ ಬಂದು ಇಳಿದಾಗಿನ ಬೆಲೆ 40 ಸಾವಿರ ಡಾಲರ್ ಮೀರದಿದ್ದರೆ ಆಮದು ಸುಂಕ ಶೇ 70, ಮೀರಿದರೆ ಎಲ್ಲ ಸೇರಿ ಶೇ 110. ₹20 ಲಕ್ಷಕ್ಕೆ ಇಳಿದ ಕಾರು ಸುಂಕ ಸೇರಿ ₹34 ಲಕ್ಷ. ಡೀಲರ್ ಪಾಲು ಶೇ 5 ಇಟ್ಟರೆ ₹35.7 ಲಕ್ಷ. ಶೇ 40 ಜಿಎಸ್‌ಟಿ ಸೇರಿದರೆ ₹49.98 ಲಕ್ಷ. ಕರ್ನಾಟಕದ ಶೇ 19.98 ತೆರಿಗೆ ಕಟ್ಟಿದ ಮೇಲೆ ₹60 ಲಕ್ಷ, ವಿಮೆ ಇನ್ನೂ ಬಾಕಿ. ಬಂದರಿನ ಬೆಲೆಯ ಎರಡೂವರೆ ಪಟ್ಟು ಎಕ್ಸ್‌–ಶೋರೂಮ್, ಮೂರು ಪಟ್ಟು ರಸ್ತೆಗೆ: ಇಷ್ಟು ನೆನಪಿಟ್ಟರೆ ಕ್ಯಾಲ್ಕುಲೇಟರ್ ಬೇಡ. 2025ರ ಮೇ ತಿಂಗಳಲ್ಲಿ ಫೋಕ್ಸ್‌ವ್ಯಾಗನ್‌ನ ಆಮದು ಹಾಟ್ ಹ್ಯಾಚ್ ಗಾಲ್ಫ್ ಜಿಟಿಐ ₹53 ಲಕ್ಷಕ್ಕೆ ಬಂದಾಗ ‘ಒಂದು ಹ್ಯಾಚ್‌ಬ್ಯಾಕಿಗೆ ಇಷ್ಟಾ?’ ಎಂದು ಹೌಹಾರಿದವರಿಗೆ ಇದೇ ಲೆಕ್ಕ ಬಿಡಿಸಿ ತೋರಿಸಬೇಕಾಯಿತು. ಆಗಿನ್ನೂ ಜಿಎಸ್‌ಟಿ, ಸೆಸ್ ಕೂಡಿ ಶೇ 48 ಇತ್ತು.

ಹೊರದೇಶದ ಅಂಗಡಿ ಬೆಲೆಯನ್ನು ನೇರ ಗುಣಿಸಬಾರದು ಎನ್ನುವುದಕ್ಕೂ ಕಾರಣ ಇದೆ. ಬ್ರಿಟನ್ನಿನ ಬೆಲೆಯಲ್ಲಿ ಅವರ ಶೇ 20 ವ್ಯಾಟ್, ಅವರ ಡೀಲರ್ ಪಾಲು ಎರಡೂ ಇವೆ. ಅವನ್ನು ಕಳೆದ ಮೇಲೆ ಉಳಿಯುವುದು ಬಂದರಿನ ಬೆಲೆಗೆ ಹತ್ತಿರ. ವಿನಿಮಯ ದರವೂ ಸುಮ್ಮನಿರುವುದಿಲ್ಲ. 22 ಸಾವಿರ ಯೂರೋದ ಕಾರಿಗೆ ಯೂರೋ ₹90ರಿಂದ ₹100ಕ್ಕೆ ಏರಿದರೆ ಬಂದರಿನಲ್ಲಿ ವ್ಯತ್ಯಾಸ ₹2.2 ಲಕ್ಷ, ಶೋರೂಮಿನಲ್ಲಿ ಐದೂವರೆ ಲಕ್ಷ. ಆರು ತಿಂಗಳ ಹಿಂದಿನ ಊಹೆ ಹಳಸುವುದು ಹೀಗೆ.

ವಿರಳ ಸಂಖ್ಯೆಯಲ್ಲಿ ಬರುವ ಕಾರು ಎಂದ ಕೂಡಲೇ ಬೆಲೆ ಇಳಿಯುವುದೇ ಇಲ್ಲ ಎಂದು ನಂಬಬೇಡಿ. 2016ರಲ್ಲಿ ಮೂರು ಬಾಗಿಲಿನ ಪೋಲೊ ಜಿಟಿಐ ಬಂದದ್ದು ಬರೀ 99. ಬೆಲೆ ₹25.99 ಲಕ್ಷ. ಮರುವರ್ಷ ಅದನ್ನೇ ₹19.99 ಲಕ್ಷಕ್ಕೆ ಇಳಿಸಿದರು. ಗಾಲ್ಫ್ ಜಿಟಿಐನ ಮೊದಲ 150 ಮಾತ್ರ ಬೇಗನೇ ಖಾಲಿಯಾದವು. ಯಾವುದು ಹೇಗೆ ಓಡುತ್ತದೆ ಎನ್ನುವುದಕ್ಕೆ ನನ್ನ ಅಳತೆ ಒಂದೇ: ಅದೇ ದುಡ್ಡಿಗೆ ಪಕ್ಕದಲ್ಲಿ ಇನ್ನೇನು ಸಿಗುತ್ತದೆ? ₹26 ಲಕ್ಷಕ್ಕೆ ದೊಡ್ಡ ಸೆಡಾನ್ ಸಿಗುತ್ತಿದ್ದ ಕಾಲದಲ್ಲಿ ಮೂರು ಬಾಗಿಲಿನ ಸಣ್ಣ ಕಾರಿಗೆ ಅಷ್ಟು ಸುರಿಯುವವರು ಎಷ್ಟು ಜನ?

ಕೊನೆಗೆ ‘ಈಗ ಬುಕ್ ಮಾಡ್ಲೋ, ಕಬ್ಬಿನ ಬಿಲ್ ಬರ್ಲೋ?’ ಎನ್ನುವವರಿಗೆ. ಬುಕಿಂಗ್ ಹಣ ಕಟ್ಟಿದ ದಿನದ ಬೆಲೆ ನಿಮ್ಮದಲ್ಲ, ಇನ್‌ವಾಯ್ಸ್ ಆದ ದಿನದ ಬೆಲೆ ನಿಮ್ಮದು. ‘ಆರಂಭಿಕ ಬೆಲೆ’ ಎಂದು ಘೋಷಿಸಿದ್ದರೆ ಅದು ಯಾವ ತಾರೀಖಿನವರೆಗೆ, ಬುಕಿಂಗಿಗೋ ಡೆಲಿವರಿಗೋ ಎಂಬುದನ್ನು ಬರೆಸಿಕೊಳ್ಳಿ. ಬಹುತೇಕ ಕಂಪನಿಗಳು ಜನವರಿಯಲ್ಲಿ ಬೆಲೆ ಏರಿಸುತ್ತವೆ. ಸಕ್ಕರೆ ಕಾರ್ಖಾನೆ ನವೆಂಬರಿನಲ್ಲಿ ಶುರುವಾಗಿ ಕಬ್ಬಿನ ಬಿಲ್ಲು ಸಂಕ್ರಾಂತಿ ದಾಟಿ ಬಂದರೆ ಏರಿದ ಬೆಲೆಗೇ ಕೊಳ್ಳಬೇಕು. ಶುರುವಿನ ಬೆಲೆ ₹9.89 ಲಕ್ಷ ಇದ್ದ ಕಾರು ಶೇ 2 ಏರಿದರೂ ಹತ್ತರ ಗೆರೆ ದಾಟುತ್ತದೆ. ಆಗ ಏರುವುದು 20 ಸಾವಿರವಲ್ಲ, ತೆರಿಗೆ ಸೇರಿ 56 ಸಾವಿರಕ್ಕೂ ಮೇಲೆ. ಡಿಸೆಂಬರಿನಲ್ಲೇ ಕೊಳ್ಳುವುದಾದರೆ ತಯಾರಾದ ತಿಂಗಳನ್ನು ಚಾಸಿಸ್ ಪ್ಲೇಟಿನಲ್ಲಿ ನೋಡಿ, ಹಳೆ ವರ್ಷದ್ದು ಎಂದು ಚೌಕಾಶಿ ಮಾಡಿ.