ಒಂದು ಗೇಣು ನೂಲು

ಕಳೆದ ವಾರ ನನ್ನದೇ ಒಂದು ಹಳೆಯ ಫ್ಲೈ ಬಿಚ್ಚಿದೆ. ಫ್ಲೈ ಅಂದರೆ ಮೀನು ಹಿಡಿಯಲು ಕೊಕ್ಕೆಯ ಮೇಲೆ ನೂಲು ಸುತ್ತಿ ಹುಳುವಿನ ಹಾಗೆ ಕಟ್ಟಿದ್ದು. ಎರಡು ವರ್ಷದ ಹಿಂದೆ ಕಟ್ಟಿದ್ದು. 20ನೇ ನಂಬರಿನ ಕೊಕ್ಕೆ, ಕಪ್ಪು ನೂಲು, ಬೆಳ್ಳಿ ಬಣ್ಣದ ತಂತಿ, ತಲೆಗೊಂದು ಬೆಳ್ಳಿ ಬಣ್ಣದ ಮಣಿ. ಜೀಬ್ರಾ ಮಿಡ್ಜ್ ಅಂತಾರಲ್ಲ, ಅದೇ. ಮಣಿಯ ಹಿಂದಿನ ಗಂಟನ್ನು ಬ್ಲೇಡಿನಿಂದ ಕತ್ತರಿಸಿ, ತಂತಿ ತೆಗೆದು, ನೂಲನ್ನು ಸುತ್ತು ಸುತ್ತಾಗಿ ಬಿಚ್ಚುತ್ತಾ ಹೋದೆ. ಮುಗಿಯುವುದೇ ಇಲ್ಲ! ಕೊನೆಗೆ ಮೇಜಿನ ಮೇಲೆ ನೇರ ಮಾಡಿ ಅಳೆದರೆ ಒಂದು ಗೇಣಿಗಿಂತ ಜಾಸ್ತಿ ಇತ್ತು. ಆ ಕೊಕ್ಕೆಯ ದಂಡ ಇರುವುದೇ ನಾಲ್ಕೈದು ಮಿಲಿಮೀಟರ್.

ಬಿಚ್ಚುವುದಕ್ಕೆ ಕಾರಣ ಇತ್ತು. ಅದರ ಹಿಂದಿನ ದಿನ ಬೆಳಗ್ಗೆ ನೀರಿನಲ್ಲಿ ಟ್ರೌಟ್ ಮೀನುಗಳು ಬಿಡದೆ ತಿನ್ನುತ್ತಿದ್ದವು. ಮೂಗು ಮಾತ್ರ ಮೇಲೆ ಬರುತ್ತಿತ್ತು, ಸಣ್ಣ ಉಂಗುರ ಏಳುತ್ತಿತ್ತು, ಅಷ್ಟೇ. ನನ್ನ ಫ್ಲೈ ಹತ್ತಿರ ಬಂದರೆ ನೋಡಿ ತಿರುಗಿ ಹೋಗುತ್ತಿದ್ದವು. ಟೀ ಸೋಸುವ ಜಾಲರಿ ಚೀಲದಲ್ಲೇ ಇಟ್ಟುಕೊಂಡಿರುತ್ತೇನೆ. ಅದನ್ನು ನೀರಿನ ಮೇಲ್ಭಾಗದಲ್ಲಿ ಹಿಡಿದು ಎತ್ತಿದೆ. ನಾಲ್ಕು ಪ್ಯೂಪಾ, ಅಂದರೆ ರೆಕ್ಕೆ ಬಂದು ಹಾರುವ ಮುಂಚಿನ ಹಂತದ ಮಿಡ್ಜ್ ಹುಳು, ಸಿಕ್ಕವು. ಒಂದನ್ನು ಉಗುರಿನ ಮೇಲಿಟ್ಟು ನನ್ನ ಫ್ಲೈ ಪಕ್ಕಕ್ಕೆ ಹಿಡಿದೆ. ಉದ್ದ ಸರಿಯಾಗಿತ್ತು, ಬಣ್ಣ ಸರಿಯಾಗಿತ್ತು. ಆದರೆ ಪ್ಯೂಪಾ ಕೂದಲೆಳೆಯ ಹಾಗಿತ್ತು, ನನ್ನದು ಅಕ್ಕಿ ಕಾಳಿನ ಹಾಗಿತ್ತು.

ಮಿಡ್ಜ್ ಅಂದರೆ ನಮ್ಮ ನೊರಜಿನಂಥ ಹುಳು. ನೋಡಲು ಸೊಳ್ಳೆಯ ಹಾಗಿದ್ದರೂ ಟ್ರೌಟ್ ತಿನ್ನುವ ಈ ಜಾತಿ ಕಚ್ಚುವುದಿಲ್ಲ. ಮರಿ ಹುಳು ಕೆಸರಿನಲ್ಲಿ ಬೆಳೆಯುತ್ತದೆ. ಕೆಲವು ಜಾತಿಯವು ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್‌ನಿಂದಾಗಿ ಕೆಂಪಗಿರುತ್ತವೆ. ಆಮೇಲೆ ಪ್ಯೂಪಾ ಆಗಿ ಮೇಲಕ್ಕೆ ತೇಲಿ ಬಂದು, ಸಿಪ್ಪೆ ಒಡೆದು ಹಾರಿ ಹೋಗುತ್ತದೆ. ಆ ಮೇಲೇಳುವ ಹೊತ್ತಿಗೆ ಸಿಪ್ಪೆಯ ಒಳಗೆ ಗಾಳಿ ತುಂಬಿ ಮಿನುಗುತ್ತದೆ. ಬೆಳ್ಳಿ ಮಣಿ, ಬೆಳ್ಳಿ ತಂತಿ ಇರುವುದು ಅದಕ್ಕೇ. ಬೇರೆ ಹುಳುಗಳು ಕಾಣದ ಚಳಿಗಾಲದಲ್ಲೂ ಇವು ಏಳುತ್ತವೆ. ಹಾಗಾಗಿ ಮೀನು ಇವನ್ನು ದಿನವೂ ನೋಡುತ್ತಿರುತ್ತದೆ. ಯಾವುದು ದಪ್ಪ, ಯಾವುದು ಸಣ್ಣ ಅಂತ ಅದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಸುತ್ತುಗಳನ್ನು ಎಣಿಸಿಕೊಂಡೇ ಕಟ್ಟುತ್ತೇನೆ. ಮೊದಲು ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡುವುದು. ಇಲ್ಲದಿದ್ದರೆ ಒಂದೂವರೆ ಮಿಲಿಮೀಟರಿನ ಮಣಿ ಬಾಗು ದಾಟುವುದೇ ಇಲ್ಲ. ಮಣಿಯ ಸಣ್ಣ ತೂತಿನ ಕಡೆಯಿಂದ ಮೊನೆಗೆ ಪೋಣಿಸಬೇಕು. ಆಗ ಆ ಕಡೆಯೇ ಕೊಕ್ಕೆಯ ಕಣ್ಣಿಗೆ ಆತು ನಿಲ್ಲುತ್ತದೆ, ದೊಡ್ಡ ತೂತು ಹಿಂದಕ್ಕೆ ಬಂದು ನೂಲಿನ ಗಂಟನ್ನು ಒಳಗೆ ಮುಚ್ಚಿಕೊಳ್ಳುತ್ತದೆ. ಮಣಿ ಬಿದ್ದರೆ ಹುಡುಕುವುದು ಕಷ್ಟ. ಅದಕ್ಕೇ ಕೊಕ್ಕೆಯನ್ನು ಕಚ್ಚಿ ಹಿಡಿಯುವ ವೈಸ್ ಕೆಳಗೆ ಬಿಳಿ ಬಟ್ಟೆ ಹಾಸಿಕೊಂಡಿದ್ದೇನೆ.

ತಂತಿಯನ್ನು ಬಾಗಿನ ಹತ್ತಿರ ಮಾತ್ರ ಕಟ್ಟಿದರೆ ಅಲ್ಲೊಂದು ಉಬ್ಬು ಏಳುತ್ತದೆ. ಮಣಿಯಿಂದ ಹಿಡಿದು ದಂಡದ ಉದ್ದಕ್ಕೂ ಮಲಗಿಸಿ, ಅದರ ಮೇಲೆ ನೂಲು ಸುತ್ತುತ್ತಾ ಹಿಂದಕ್ಕೆ ಹೋಗಬೇಕು. ಆಗ ಮೈ ಒಂದೇ ಸಮ ಇರುತ್ತದೆ.

ನನಗೆ ತಡವಾಗಿ ತಿಳಿದದ್ದು ನೂಲಿನ ಹುರಿಯ ವಿಷಯ. ಸುತ್ತುತ್ತಾ ಹೋದ ಹಾಗೆ ನೂಲಿಗೆ ಹುರಿ ಏರುತ್ತದೆ, ದುಂಡಗಾಗುತ್ತದೆ. ದುಂಡಗಾದ ನೂಲು ಒಂದರ ಪಕ್ಕ ಒಂದು ಏಣು ಏಣಾಗಿ ಕೂರುತ್ತದೆ. ಏಣು ಮುಚ್ಚೋಣ ಅಂತ ಇನ್ನೊಂದು ಪದರ, ಅದರ ಮೇಲೆ ಮತ್ತೊಂದು. ಆ ಒಂದು ಗೇಣು ನೂಲು ಹೋದದ್ದು ಹೀಗೇ. ಬಲಗೈಯಲ್ಲಿ ಕಟ್ಟುವವರು ನೂಲಿನ ಸುರುಳಿ ಹಿಡಿದಿರುವ ಬಾಬಿನ್ನನ್ನು ನೇತಾಡಲು ಬಿಟ್ಟು, ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿದರೆ ಹುರಿ ಬಿಚ್ಚುತ್ತದೆ. ನೂಲು ರಿಬ್ಬನ್ನಿನ ಹಾಗೆ ಅಗಲವಾಗಿ, ಕೊಕ್ಕೆಗೆ ಅಂಟಿದಂತೆ ಮಲಗುತ್ತದೆ. ದೀಪದ ಬೆಳಕಿನಲ್ಲಿ ಅದು ದುಂಡಗಿದ್ದದ್ದು ಚಪ್ಪಟೆಯಾಗುವುದನ್ನು ನೋಡಬಹುದು. ನನಗೆ ಇಡೀ ಕೆಲಸದಲ್ಲಿ ಅತಿ ಇಷ್ಟದ ಕ್ಷಣ ಅದು. ಹಿಂದಕ್ಕೊಂದು ಪದರ, ಮುಂದಕ್ಕೊಂದು ಪದರ, ಮಣಿಯ ಹತ್ತಿರ ಮೈ ಸ್ವಲ್ಪ ತುಂಬಲು ನಾಲ್ಕೈದು ಸುತ್ತು. ಸಾಕು.

ಆಮೇಲೆ ತಂತಿ. ನೂಲು ಸುತ್ತಿದ ದಿಕ್ಕಿಗೆ ಎದುರಾಗಿ ಐದಾರು ಸುತ್ತು, ನಡುವೆ ಸಮನಾದ ಜಾಗ ಬಿಟ್ಟು. ಎದುರು ದಿಕ್ಕಾದರೆ ತಂತಿ ನೂಲಿನ ಸಂದಿಗೆ ಇಳಿದು ಮರೆಯಾಗುವುದಿಲ್ಲ, ಹುಳುವಿನ ಮೈಯ ಗೆಣ್ಣುಗಳ ಹಾಗೆ ಎದ್ದು ಕಾಣುತ್ತದೆ. ಉಳಿದ ತಂತಿಗೆ ಕತ್ತರಿ ಹಾಕಬೇಡಿ, ಬಾಯಿ ಹಾಳಾಗುತ್ತದೆ. ಅತ್ತಿತ್ತ ಅಲುಗಿಸಿದರೆ ಬುಡದಲ್ಲೇ ಮುರಿಯುತ್ತದೆ. ಕೊನೆಯ ಗಂಟು ಮೂರು ಸುತ್ತು, ಸೂಜಿ ಮೊನೆಯಲ್ಲಿ ಒಂದು ಹನಿ ಅಂಟು. ಕೊಕ್ಕೆಯ ಕಣ್ಣಿಗೆ ಅಂಟು ಹೋಗಬಾರದು. ನೀರಿನ ಹತ್ತಿರ ಚಳಿಗೆ ಬೆರಳು ಮರಗಟ್ಟಿರುವಾಗ ಮುಚ್ಚಿದ ಕಣ್ಣಿಗೆ 6ಎಕ್ಸ್ ಅನ್ನುವ ತೀರಾ ಸಣ್ಣ ಗಾಳದ ದಾರ ಪೋಣಿಸುವ ಕಷ್ಟ ಬೇಡವೇ ಬೇಡ.

ಹೊಸದಾಗಿ ಕಟ್ಟಿದ ಮೊದಲನೆಯದನ್ನೂ ಬಿಚ್ಚಿ ಅಳೆದೆ. ಅರ್ಧ ಗೇಣು. ಅದೇ ಕೊಕ್ಕೆಗೆ ಮತ್ತೆ ಕಟ್ಟಿ, ಭಾನುವಾರ ಅದೇ ಜಾಗಕ್ಕೆ ಹೋದೆ. ಎರಡು ಟ್ರೌಟ್ ಹಿಡಿದು ಮತ್ತೆ ನೀರಿಗೆ ಬಿಟ್ಟೆ. ಎರಡನೆಯದರ ಮೇಲ್ದುಟಿಯ ಮೂಲೆಯಲ್ಲಿ ಫ್ಲೈ ಎಷ್ಟು ಸಣ್ಣಗೆ ಕೂತಿತ್ತೆಂದರೆ, ಇಕ್ಕಳ ಹಾಕುವ ಮೊದಲು ಎಲ್ಲಿದೆ ಅಂತ ಹುಡುಕಬೇಕಾಯಿತು.

ಈ ರಾತ್ರಿ ಆರು ಕಟ್ಟಿದೆ. ಐದು ಡಬ್ಬಿಗೆ ಹೋದವು. ಆರನೆಯದು ಇನ್ನೂ ವೈಸ್‌ನಲ್ಲೇ ಇದೆ. ಮಣಿಯ ಹಿಂದೆ ಎರಡು ಸುತ್ತು ಜಾಸ್ತಿ ಆದ ಹಾಗಿದೆ. ಬ್ಲೇಡ್ ತಗೊಂಡು ಬರುತ್ತೇನೆ.